ಚಿತ್ರ ಒಂದೇ, ಗುಂಪು ಬೇರೆ: ಡಿಸೈನ್ ಪ್ಯಾಟರ್ನ್‌ಗಳನ್ನು ವಿಂಗಡಿಸಿದ್ದು ಯಾವ ಲೆಕ್ಕದಲ್ಲಿ?

ಪ್ರಶ್ನೆ: ನಾನು ಜಾವಾ ಡೆವಲಪರ್. ಡಿಸೈನ್ ಪ್ಯಾಟರ್ನ್‌ಗಳು (ಕೋಡ್ ಬರೆಯುವಾಗ ಮತ್ತೆ ಮತ್ತೆ ಎದುರಾಗುವ ತೊಂದರೆಗಳಿಗೆ ಬಳಸಿ ಪಕ್ಕಾ ಆದ ವಿನ್ಯಾಸಗಳು) ಒಟ್ಟು 23, ಅವುಗಳಲ್ಲಿ ಕ್ರಿಯೇಷನಲ್, ಸ್ಟ್ರಕ್ಚರಲ್, ಬಿಹೇವಿಯರಲ್ ಅಂತ ಮೂರು ಗುಂಪು ಎಂದು ಓದಿದ್ದೇನೆ. ಆದರೆ ಬ್ರಿಡ್ಜ್ ಮತ್ತು ಸ್ಟ್ರಾಟೆಜಿ ಎರಡರ ಕ್ಲಾಸ್ ಡಯಾಗ್ರಾಂಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸವೇ ಕಾಣುವುದಿಲ್ಲ. ಹಾಗಿದ್ದಮೇಲೆ ಒಂದು ಸ್ಟ್ರಕ್ಚರಲ್, ಇನ್ನೊಂದು ಬಿಹೇವಿಯರಲ್ ಹೇಗಾಯಿತು? ಈ ಗುಂಪುಗಳನ್ನು ತಿಳಿದುಕೊಂಡರೆ ಇಂಟರ್‌ವ್ಯೂ ಬಿಟ್ಟು ಬೇರೆ ಉಪಯೋಗ ಇದೆಯಾ?

ಉತ್ತರ: ನಿಮಗೆ ಕಂಡದ್ದು ಸರಿಯಾಗೇ ಇದೆ. ಆ ಎರಡು ಡಯಾಗ್ರಾಂಗಳು ಹೆಚ್ಚುಕಡಿಮೆ ಒಂದೇ. ಒಂದು ಕ್ಲಾಸ್ ಇರುತ್ತದೆ. ಅದು ಒಂದು ಇಂಟರ್‌ಫೇಸ್ ಅನ್ನು ಹಿಡಿದುಕೊಂಡಿರುತ್ತದೆ. ಆ ಇಂಟರ್‌ಫೇಸ್ ಅನ್ನು ಇಂಪ್ಲಿಮೆಂಟ್ ಮಾಡುವ ಎರಡು ಮೂರು ಕ್ಲಾಸ್‌ಗಳು ಕೆಳಗಿರುತ್ತವೆ. ಚಿತ್ರ ನೋಡಿ ಗುಂಪು ಹೇಳಲು ಹೊರಟರೆ ಯಾರಿಗಾದರೂ ಗೊಂದಲವೇ. ಯಾಕೆಂದರೆ ಗುಂಪು ಮಾಡಿದವರು ಚಿತ್ರ ನೋಡಿ ಮಾಡಲಿಲ್ಲ, ಉದ್ದೇಶ ನೋಡಿ ಮಾಡಿದರು. ಈ ಪ್ಯಾಟರ್ನ್ ಯಾವ ತೊಂದರೆಗೆ ಹುಟ್ಟಿತು, ನಾಳೆ ಏನು ಬದಲಾದರೂ ಉಳಿದ ಕೋಡ್ ಅಲುಗಾಡಬಾರದು ಅಂತ ಇದನ್ನು ಬರೆಯುತ್ತಿದ್ದೇವೆ? ಗುಂಪು ನಿಂತಿರುವುದು ಈ ಪ್ರಶ್ನೆಯ ಮೇಲೆ. ಆಬ್ಜೆಕ್ಟ್ ಅನ್ನು ಯಾರು, ಯಾವಾಗ, ಯಾವ ಕ್ಲಾಸಿನಿಂದ ಹುಟ್ಟಿಸುತ್ತಾರೆ ಎಂಬುದು ಬದಲಾಗುವುದಾದರೆ ಅದು ಕ್ರಿಯೇಷನಲ್. ಕ್ಲಾಸ್‌ಗಳು, ಆಬ್ಜೆಕ್ಟ್‌ಗಳು ಒಂದಕ್ಕೊಂದು ಹೇಗೆ ಜೋಡಣೆಯಾಗುತ್ತವೆ ಎಂಬುದಾದರೆ ಸ್ಟ್ರಕ್ಚರಲ್. ಕೆಲಸವನ್ನು ಯಾರು ಯಾರು ಹಂಚಿಕೊಳ್ಳುತ್ತಾರೆ, ಪ್ರೋಗ್ರಾಂ ಓಡುವಾಗ ಯಾರು ಯಾರಿಗೆ ಏನು ಹೇಳುತ್ತಾರೆ ಎಂಬುದಾದರೆ ಬಿಹೇವಿಯರಲ್.

ಇದು ಎಲ್ಲಿಂದ ಬಂತು ಅಂತ ಸ್ವಲ್ಪ ಗೊತ್ತಿದ್ದರೆ ಮುಂದಿನ ಮಾತು ಸುಲಭ. ಪ್ಯಾಟರ್ನ್ ಎಂಬ ವಿಚಾರ ಮೊದಲು ಬಂದದ್ದು ಕಟ್ಟಡಗಳ ಕಡೆಯಿಂದ. ಕ್ರಿಸ್ಟೋಫರ್ ಅಲೆಕ್ಸಾಂಡರ್ ಎಂಬ ವಾಸ್ತುಶಿಲ್ಪಿ ಮತ್ತು ಅವರ ಜೊತೆಗಾರರು 1977ರಲ್ಲಿ ಮನೆ, ಬೀದಿ, ಊರು ಕಟ್ಟುವುದಕ್ಕೆ 253 ಪ್ಯಾಟರ್ನ್‌ಗಳನ್ನು ಬರೆದರು. ಹತ್ತು ವರ್ಷದ ನಂತರ, 1987ರಲ್ಲಿ, ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಅದೇ ವಿಚಾರವನ್ನು ಸ್ಮಾಲ್‌ಟಾಕ್ ಭಾಷೆಯ ವಿಂಡೋ ವಿನ್ಯಾಸಕ್ಕೆ ಹಚ್ಚಿ ನೋಡಿದರು. ಆಮೇಲೆ ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡೆಸ್ ಎಂಬ ನಾಲ್ವರು 1994ರಲ್ಲಿ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕ ತಂದರು. ಗ್ಯಾಂಗ್ ಆಫ್ ಫೋರ್ ಅಂತ ಎಲ್ಲರೂ ಕರೆಯುವುದು ಇವರನ್ನೇ. ನೀವು ಹೇಳಿದ 23 ಆ ಪುಸ್ತಕದ ಲೆಕ್ಕ: 5 ಕ್ರಿಯೇಷನಲ್, 7 ಸ್ಟ್ರಕ್ಚರಲ್, 11 ಬಿಹೇವಿಯರಲ್.

ಈ ನಾಲ್ವರು ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಅದು ಅವರೇ ಹಾಕಿಕೊಂಡ ಕಟ್ಟುಪಾಡು. ಬೇರೆ ಬೇರೆ ಸಿಸ್ಟಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಳಸಿ ಪಕ್ಕಾ ಆದ ವಿನ್ಯಾಸಗಳನ್ನು ಮಾತ್ರ ಸೇರಿಸಿದರು. ಅವರ ಕೈ ಪಳಗಿದ್ದು ಯಾವುದರಲ್ಲಿ ಅಂತಲೂ ನೋಡಬೇಕು. ಗಾಮಾ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದು ಇಟಿ ಪ್ಲಸ್ ಪ್ಲಸ್ ಎಂಬ ಫ್ರೇಮ್‌ವರ್ಕ್ ಇಟ್ಟುಕೊಂಡು. ವ್ಲಿಸಿಡೆಸ್ ಇಂಟರ್‌ವ್ಯೂಸ್ ಎಂಬ ಸ್ಕ್ರೀನ್ ಟೂಲ್‌ಕಿಟ್‌ನಲ್ಲಿ ಕೆಲಸ ಮಾಡಿದವರು. ಉದಾಹರಣೆಗಳೆಲ್ಲ ಸಿ ಪ್ಲಸ್ ಪ್ಲಸ್ ಮತ್ತು ಸ್ಮಾಲ್‌ಟಾಕ್‌ನವು. ಪುಸ್ತಕದ ಎರಡನೇ ಅಧ್ಯಾಯ ಪೂರ್ತಿ ಒಂದು ಡಾಕ್ಯುಮೆಂಟ್ ಎಡಿಟರ್‌ನ ವಿನ್ಯಾಸ. ಹಾಗಾಗಿ ಮೆನು, ವಿಂಡೋ, ಅಂಡೂ ಇಂಥವುಗಳ ವಾಸನೆ ಆ 23ರಲ್ಲಿ ಜಾಸ್ತಿ. ಡೇಟಾಬೇಸ್, ಥ್ರೆಡ್, ನೆಟ್‌ವರ್ಕ್‌ಗೆ ಸಂಬಂಧಿಸಿದ ಗುಂಪೇ ಅಲ್ಲಿ ಇಲ್ಲ. ಮೂರು ಗುಂಪುಗಳು ಸಾಫ್ಟ್‌ವೇರ್ ಲೋಕವನ್ನೆಲ್ಲ ಅಳೆದು ಮಾಡಿದವಲ್ಲ, ಆ 23ನ್ನು ಜೋಡಿಸಿಡಲು ಮಾಡಿದವು.

ಈಗ ನಿಮ್ಮ ಬ್ರಿಡ್ಜ್ ಮತ್ತು ಸ್ಟ್ರಾಟೆಜಿಗೆ ಬರೋಣ. ಒಂದು ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಂ ತೆಗೆದುಕೊಳ್ಳಿ. ಬಿಲ್ ಎಂಬ ಕ್ಲಾಸ್ ಇದೆ. ಅದರಲ್ಲಿ ಒಟ್ಟು ಮೊತ್ತ ಲೆಕ್ಕ ಹಾಕುವ ಮೆಥಡ್. ಮೊದಮೊದಲು ರಿಯಾಯಿತಿ ಇರಲಿಲ್ಲ. ಆಮೇಲೆ ದೀಪಾವಳಿಗೆ ನೂರಕ್ಕೆ ಹತ್ತು ಬಂತು. ಹೋಲ್‌ಸೇಲ್ ಗಿರಾಕಿಗೆ ಪ್ರಮಾಣದ ಮೇಲೆ ರಿಯಾಯಿತಿ ಬಂತು. ಅಂಗಡಿಯ ನೌಕರರಿಗೆ ಇನ್ನೊಂದು ದರ ಬಂತು. ಪ್ರತಿ ಸಲವೂ ಅದೇ ಮೆಥಡ್ ಒಳಗೆ ಒಂದು ಇಫ್, ಒಂದು ಎಲ್ಸ್. ದೀಪಾವಳಿ ದರ ಬದಲಿಸಲು ಹೋದವರು ಹೋಲ್‌ಸೇಲ್ ಲೆಕ್ಕ ಕೆಡಿಸುತ್ತಾರೆ. ಆಗ ಏನು ಮಾಡುತ್ತೀರಿ? ರಿಯಾಯಿತಿ ಎಂಬ ಇಂಟರ್‌ಫೇಸ್ ಮಾಡಿ, ಅದರಲ್ಲಿ ಮೊತ್ತ ತೆಗೆದುಕೊಂಡು ಕಡಿತ ಹೇಳುವ ಒಂದೇ ಮೆಥಡ್ ಇಡುತ್ತೀರಿ. ಹಬ್ಬದ ರಿಯಾಯಿತಿ, ಹೋಲ್‌ಸೇಲ್ ರಿಯಾಯಿತಿ, ನೌಕರರ ರಿಯಾಯಿತಿ ಮೂರು ಕ್ಲಾಸ್. ಬಿಲ್ ತನ್ನ ಹತ್ತಿರ ಒಂದು ರಿಯಾಯಿತಿ ಆಬ್ಜೆಕ್ಟ್ ಇಟ್ಟುಕೊಂಡು, ಲೆಕ್ಕ ಬಂದಾಗ ಅದನ್ನು ಕೇಳುತ್ತದೆ. ಇದು ಸ್ಟ್ರಾಟೆಜಿ. ಬದಲಾಗುತ್ತಿರುವುದು ಲೆಕ್ಕ ಹಾಕುವ ಬಗೆ, ಅಂದರೆ ವರ್ತನೆ. ಆದ್ದರಿಂದ ಬಿಹೇವಿಯರಲ್.

ಅದೇ ಪ್ರೋಗ್ರಾಂನಲ್ಲಿ ಇನ್ನೊಂದು ಕಡೆ ಬೇರೆಯೇ ತೊಂದರೆ ಬೆಳೆಯುತ್ತಿದೆ. ಬಿಲ್‌ನಲ್ಲೇ ಮೂರು ಬಗೆ: ಚಿಲ್ಲರೆ ಬಿಲ್, ಹೋಲ್‌ಸೇಲ್ ಬಿಲ್, ಮಾಲು ವಾಪಸ್ ಬಂದಾಗ ಕೊಡುವ ರಿಟರ್ನ್ ಬಿಲ್. ಅವು ಹೊರಗೆ ಬರುವ ದಾರಿಯೂ ಮೂರು: ಥರ್ಮಲ್ ಪ್ರಿಂಟರ್, ಪಿಡಿಎಫ್, ವಾಟ್ಸ್ಆ್ಯಪ್ ಮೆಸೇಜ್. ಇನ್‌ಹೆರಿಟೆನ್ಸ್ ಒಂದನ್ನೇ ನಂಬಿದರೆ ಥರ್ಮಲ್ ಚಿಲ್ಲರೆ ಬಿಲ್, ಪಿಡಿಎಫ್ ಚಿಲ್ಲರೆ ಬಿಲ್ ಅಂತ ಶುರುವಾಗಿ 9 ಕ್ಲಾಸ್ ಆಗುತ್ತವೆ. ನಾಳೆ ಇಮೇಲ್ ಬೇಕು ಅಂದರೆ ಒಮ್ಮೆಲೇ ಇನ್ನೂ 3. ಆಗ ಬಿಲ್‌ಗಳ ಸಂಸಾರ ಒಂದು ಕಡೆ, ಔಟ್‌ಪುಟ್‌ಗಳ ಸಂಸಾರ ಇನ್ನೊಂದು ಕಡೆ ಇಡುತ್ತೀರಿ. ಬಿಲ್ ತನ್ನ ಹತ್ತಿರ ಒಂದು ಔಟ್‌ಪುಟ್ ಇಟ್ಟುಕೊಂಡು 'ಈ ಸಾಲು ಬರೆ', 'ಗೆರೆ ಎಳೆ' ಎಂದು ಹೇಳುತ್ತದೆ. 9ರ ಜಾಗದಲ್ಲಿ 6 ಕ್ಲಾಸ್, ಇಮೇಲ್ ಬಂದರೆ ಒಂದೇ ಒಂದು ಹೆಚ್ಚು. ಇದು ಬ್ರಿಡ್ಜ್.

ಈಗ ಎರಡನ್ನೂ ಪೇಪರ್ ಮೇಲೆ ಬರೆದು ನೋಡಿ. ಬಿಲ್‌ನಿಂದ ರಿಯಾಯಿತಿಗೆ ಒಂದು ಬಾಣ, ಬಿಲ್‌ನಿಂದ ಔಟ್‌ಪುಟ್‌ಗೆ ಒಂದು ಬಾಣ. ಎರಡೂ ಬಾಣ ಒಂದೇ ಥರ. ಆದರೆ ರಿಯಾಯಿತಿಯಲ್ಲಿ ನಮ್ಮ ಚಿಂತೆ ಒಂದು ಲೆಕ್ಕವನ್ನು ತೆಗೆದು ಇನ್ನೊಂದನ್ನು ಹಾಕುವುದು. ಇದೇ ಬಿಲ್‌ಗೆ ಇವತ್ತು ಆ ದರ, ನಾಳೆ ಈ ದರ. ಔಟ್‌ಪುಟ್‌ನಲ್ಲಿ ನಮ್ಮ ಚಿಂತೆ ಎರಡು ಕಡೆ ಬೆಳೆಯುವ ಕ್ಲಾಸ್‌ಗಳು ಒಂದನ್ನೊಂದು ಗುಣಿಸಿಕೊಳ್ಳಬಾರದು ಎಂಬುದು. ಎರಡನೆಯದು ಕೋಡ್‌ನ ಕಟ್ಟೋಣದ ಪ್ರಶ್ನೆ. ಅದಕ್ಕೇ ಅದು ಸ್ಟ್ರಕ್ಚರಲ್.

ಇಷ್ಟೆಲ್ಲ ಮಾಡಿಯೂ ಬಿಲ್ ಕ್ಲಾಸ್ ಒಳಗೇ 'ನ್ಯೂ ಹಬ್ಬದ ರಿಯಾಯಿತಿ' ಅಂತ ಬರೆದುಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ, ಅಲ್ವಾ? ಇಂಟರ್‌ಫೇಸ್ ಇದ್ದೂ ಬಿಲ್‌ಗೆ ಆ ಒಂದು ಕ್ಲಾಸಿನ ಹೆಸರು ಗೊತ್ತಿರಲೇಬೇಕಾಗುತ್ತದೆ. ಯಾವ ರಿಯಾಯಿತಿ ಎಂದು ತೀರ್ಮಾನಿಸಿ ಹುಟ್ಟಿಸುವ ಕೆಲಸವನ್ನು ಬಿಲ್‌ನಿಂದ ಹೊರಗೆ ಹಾಕಬೇಕು. ಕ್ರಿಯೇಷನಲ್ ಗುಂಪು ಇರುವುದು ಇದಕ್ಕೆ. ಫ್ಯಾಕ್ಟರಿ ಮೆಥಡ್, ಅಬ್‌ಸ್ಟ್ರಾಕ್ಟ್ ಫ್ಯಾಕ್ಟರಿ, ಬಿಲ್ಡರ್, ಪ್ರೊಟೊಟೈಪ್ ನಾಲ್ಕೂ 'ನ್ಯೂ' ಎಂಬ ಪದ ಎಲ್ಲಿ ಕೂರಬೇಕು ಎಂಬುದಕ್ಕೆ ಕೊಟ್ಟ ಬೇರೆ ಬೇರೆ ಉತ್ತರಗಳು. ಅಂದರೆ ಒಂದೇ ಪ್ರೋಗ್ರಾಂಗೆ ಮೂರು ಗುಂಪುಗಳೂ ಒಟ್ಟೊಟ್ಟಿಗೆ ಬರುತ್ತವೆ. 'ನಮ್ಮದು ಸ್ಟ್ರಕ್ಚರಲ್ ಪ್ರಾಜೆಕ್ಟ್' ಅಂತ ಒಂದು ಇರುವುದೇ ಇಲ್ಲ.

ಬ್ರಿಡ್ಜ್ ಜೊತೆಗೇ ಅಡಾಪ್ಟರ್ ಬಗ್ಗೆ ಒಂದು ಮಾತು. ಥರ್ಮಲ್ ಪ್ರಿಂಟರ್ ಕಂಪನಿಯವರು ಕೊಟ್ಟ ಲೈಬ್ರರಿಯಲ್ಲಿ ಮೆಥಡ್‌ಗಳ ಹೆಸರೇ ಬೇರೆ, ಕೇಳುವ ಮಾಹಿತಿಯೇ ಬೇರೆ. ಅದನ್ನು ತಿದ್ದಲು ನಿಮಗೆ ಆಗುವುದಿಲ್ಲ. ನಿಮ್ಮ ಔಟ್‌ಪುಟ್ ಇಂಟರ್‌ಫೇಸ್‌ಗೆ ಅದನ್ನು ಹೊಂದಿಸಲು ನಡುವೆ ಒಂದು ಕ್ಲಾಸ್ ಬರೆಯುತ್ತೀರಿ. ಅದು ಅಡಾಪ್ಟರ್. ಎರಡೂ ಸ್ಟ್ರಕ್ಚರಲ್ ಆದರೂ ಬ್ರಿಡ್ಜ್ ಮೊದಲೇ ಯೋಚಿಸಿ ಮಾಡುವಂಥದ್ದು, ಅಡಾಪ್ಟರ್ ಎರಡೂ ಕಡೆ ಕೋಡ್ ಆಗಿಹೋದ ಮೇಲೆ ಮಾಡುವಂಥದ್ದು.

ಪುಸ್ತಕದಲ್ಲಿ ಇನ್ನೊಂದು ವಿಂಗಡಣೆಯೂ ಇದೆ. ಅದನ್ನು ಯಾರೂ ಅಷ್ಟಾಗಿ ಹೇಳಿಕೊಡುವುದಿಲ್ಲ. ಉದ್ದೇಶದ ಮೂರು ಗುಂಪುಗಳು ಅಡ್ಡಕ್ಕೆ, ವ್ಯಾಪ್ತಿಯ ಎರಡು ಗುಂಪುಗಳು ಉದ್ದಕ್ಕೆ. ಕ್ಲಾಸ್ ಮಟ್ಟದ ಪ್ಯಾಟರ್ನ್‌ಗಳು ಇನ್‌ಹೆರಿಟೆನ್ಸ್ ಮೇಲೆ ನಿಂತಿವೆ, ಕಂಪೈಲ್ ಮಾಡುವಾಗಲೇ ಎಲ್ಲ ತೀರ್ಮಾನ ಆಗಿರುತ್ತದೆ. ಆಬ್ಜೆಕ್ಟ್ ಮಟ್ಟದವು ಒಂದು ಆಬ್ಜೆಕ್ಟ್ ಇನ್ನೊಂದನ್ನು ಹಿಡಿದುಕೊಳ್ಳುವುದರ ಮೇಲೆ ನಿಂತಿವೆ, ಪ್ರೋಗ್ರಾಂ ಓಡುವಾಗಲೂ ಬದಲಿಸಬಹುದು. ಕ್ಲಾಸ್ ಮಟ್ಟದಲ್ಲಿ ಸಿಗುವುದು ನಾಲ್ಕೇ: ಫ್ಯಾಕ್ಟರಿ ಮೆಥಡ್, ಇಂಟರ್‌ಪ್ರಿಟರ್, ಟೆಂಪ್ಲೇಟ್ ಮೆಥಡ್ (ಹಂತಗಳ ಕ್ರಮ ಮೇಲಿನ ಕ್ಲಾಸ್‌ನಲ್ಲಿ, ಕೆಲವು ಹಂತಗಳ ವಿವರ ಸಬ್‌ಕ್ಲಾಸ್‌ನಲ್ಲಿ) ಮತ್ತು ಅಡಾಪ್ಟರ್‌ನ ಒಂದು ರೂಪ. ಉಳಿದವೆಲ್ಲ ಆಬ್ಜೆಕ್ಟ್ ಮಟ್ಟದವು. ಇದು ಆಕಸ್ಮಿಕವಾಗಿ ಆದದ್ದಲ್ಲ. ಇನ್‌ಹೆರಿಟೆನ್ಸ್‌ಗಿಂತ ಆಬ್ಜೆಕ್ಟ್‌ಗಳ ಜೋಡಣೆಯನ್ನೇ ಮೊದಲು ಯೋಚಿಸಿ ಎಂಬುದು ಆ ಪುಸ್ತಕದ ಮುಖ್ಯ ಸಲಹೆಗಳಲ್ಲಿ ಒಂದು. ನನ್ನ ಮಟ್ಟಿಗೆ ಈ ಎರಡನೇ ವಿಂಗಡಣೆಯೇ ದಿನನಿತ್ಯದ ಕೆಲಸಕ್ಕೆ ಹೆಚ್ಚು ಒದಗುತ್ತದೆ. ಸ್ಟ್ರಾಟೆಜಿಯೋ ಟೆಂಪ್ಲೇಟ್ ಮೆಥಡ್ಡೋ ಅಂತ ಗೊಂದಲ ಬಂದಾಗ, ಓಡುವಾಗ ಬದಲಿಸುವ ಅಗತ್ಯ ಇದೆಯಾ ಅಂತ ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಬಿಹೇವಿಯರಲ್ ಗುಂಪು ಉಳಿದ ಎರಡರಷ್ಟು ಬಿಗಿಯಾಗಿಲ್ಲ. ಹನ್ನೊಂದನ್ನೂ ಒಂದೇ ಚೀಲಕ್ಕೆ ತುಂಬಿದಂತೆ ಕಾಣುತ್ತದೆ. ಸ್ಟ್ರಾಟೆಜಿ, ಸ್ಟೇಟ್, ಕಮಾಂಡ್ ಬದಲಾಗುವ ವರ್ತನೆಯನ್ನು ಒಂದು ಆಬ್ಜೆಕ್ಟ್ ಆಗಿ ಬೇರೆ ಮಾಡುತ್ತವೆ. ಅಬ್ಸರ್ವರ್, ಮೀಡಿಯೇಟರ್, ಚೈನ್ ಆಫ್ ರೆಸ್ಪಾನ್ಸಿಬಿಲಿಟಿ ಮಾತುಕತೆಯ ದಾರಿಯನ್ನು ಸರಿಮಾಡುತ್ತವೆ. ವಿಸಿಟರ್‌ದು ಇವೆರಡಕ್ಕೂ ಸೇರದ ಬೇರೆಯೇ ದಾರಿ. ಇಲ್ಲೂ ಚಿತ್ರ ನಂಬಿದರೆ ಸ್ಟ್ರಾಟೆಜಿ ಮತ್ತು ಸ್ಟೇಟ್ ಅವಳಿಗಳು. ನಮ್ಮ ಬಿಲ್‌ಗೆ ಕರಡು, ಪಾವತಿ ಆದದ್ದು, ರದ್ದಾದದ್ದು ಅಂತ ಮೂರು ಸ್ಥಿತಿ ಇವೆ ಅಂದುಕೊಳ್ಳಿ. ಕರಡು ಸ್ಥಿತಿಯಲ್ಲಿ ಸಾಮಾನು ಸೇರಿಸಬಹುದು, ಪಾವತಿ ಆದಮೇಲೆ ಆಗುವುದಿಲ್ಲ. ಹಣ ಬಂದ ಕೂಡಲೇ ಕರಡು ಎಂಬ ಆಬ್ಜೆಕ್ಟ್ ಹೋಗಿ ಆ ಜಾಗಕ್ಕೆ ಪಾವತಿ ಆದ ಸ್ಥಿತಿ ಬರುತ್ತದೆ. ಬಿಲ್ ಬಳಸುವ ಕೋಡ್‌ಗೆ ಇದು ಗೊತ್ತೂ ಆಗುವುದಿಲ್ಲ. ಸ್ಟೇಟ್‌ನಲ್ಲಿ ಮುಂದಿನ ಸ್ಥಿತಿ ಯಾವುದೆಂದು ಆ ಸ್ಥಿತಿಗಳಿಗೇ ಗೊತ್ತಿರಬಹುದು. ರಿಯಾಯಿತಿಗಳಿಗೆ ಹಾಗಲ್ಲ. ಹಬ್ಬದ ರಿಯಾಯಿತಿಗೆ ಹೋಲ್‌ಸೇಲ್ ರಿಯಾಯಿತಿ ಅಂತ ಒಂದು ಇದೆ ಎಂಬುದೇ ಗೊತ್ತಿರಬೇಕಾಗಿಲ್ಲ. ಯಾವುದು ಬೇಕು ಅಂತ ಹೊರಗಿನವರು ಆರಿಸಿ ಕೊಡುತ್ತಾರೆ.

ಇಂಟರ್‌ವ್ಯೂ ಬಿಟ್ಟು ಉಪಯೋಗ ಏನು ಅಂತ ಕೇಳಿದಿರಲ್ಲ, ಅದಕ್ಕೆ ನೀವು ಜಾವಾದಲ್ಲಿರುವುದರಿಂದ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್‌ನ ಉದಾಹರಣೆಯನ್ನೇ ಕೊಡುತ್ತೇನೆ. ಒಂದು ಸರ್ವಿಸ್ ಕ್ಲಾಸ್‌ನಲ್ಲಿ ಎರಡು ಮೆಥಡ್ ಇವೆ. ಎರಡನೆಯದರ ಮೇಲೆ ಟ್ರಾನ್ಸಾಕ್ಷನಲ್ ಎಂಬ ಅನೊಟೇಷನ್ ಹಾಕಿದ್ದೀರಿ, ಅಂದರೆ ಡೇಟಾಬೇಸ್ ಕೆಲಸ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು. ಮೊದಲನೆಯದು ಅದೇ ಕ್ಲಾಸ್ ಒಳಗಿಂದ ಎರಡನೆಯದನ್ನು ಕರೆಯುತ್ತದೆ. ನಡುವೆ ಎರರ್ ಬಂದರೂ ಡೇಟಾಬೇಸ್‌ನಲ್ಲಿ ಅರ್ಧ ಕೆಲಸ ಉಳಿದುಬಿಡುತ್ತದೆ, ರೋಲ್‌ಬ್ಯಾಕ್ ಆಗುವುದಿಲ್ಲ. ಅನೊಟೇಷನ್ ಸರಿ ಇದೆ, ಕಾನ್ಫಿಗರೇಷನ್ ಸರಿ ಇದೆ. ಎಷ್ಟೋ ಟೀಮ್‌ಗಳು ಇಲ್ಲಿ ತಲೆ ಕೆಡಿಸಿಕೊಳ್ಳುತ್ತವೆ. ಕಾರಣ ಇಷ್ಟೇ: ಸ್ಪ್ರಿಂಗ್ ಬೇರೆ ಕ್ಲಾಸ್‌ಗಳ ಕೈಗೆ ನಿಮ್ಮ ಆಬ್ಜೆಕ್ಟ್ ಅನ್ನು ನೇರವಾಗಿ ಕೊಡುವುದಿಲ್ಲ. ಅದರ ಮುಂದೆ ಒಂದು ಪ್ರಾಕ್ಸಿ ನಿಲ್ಲಿಸಿ ಆ ಪ್ರಾಕ್ಸಿಯನ್ನು ಕೊಡುತ್ತದೆ. ಟ್ರಾನ್ಸಾಕ್ಷನ್ ಶುರು ಮಾಡುವುದು ಆ ಪ್ರಾಕ್ಸಿ. ಕ್ಲಾಸ್ ಒಳಗಿಂದಲೇ ಕರೆದರೆ ಕರೆ ಪ್ರಾಕ್ಸಿಯ ಮೂಲಕ ಹೋಗುವುದೇ ಇಲ್ಲ. ಪ್ರಾಕ್ಸಿ ಒಂದು ಸ್ಟ್ರಕ್ಚರಲ್ ಪ್ಯಾಟರ್ನ್, ಅಂದರೆ ಯಾರ ಮುಂದೆ ಯಾರು ನಿಂತಿದ್ದಾರೆ ಎಂಬ ಜೋಡಣೆಯ ವಿಷಯ ಅಂತ ತಿಳಿದವರು ಮೆಥಡ್ ಒಳಗಿನ ಕೋಡನ್ನು ಕೆದಕುತ್ತಾ ಕೂರುವುದಿಲ್ಲ. ಕರೆ ಯಾವ ದಾರಿಯಲ್ಲಿ ಬಂತು ಅಂತ ಮೊದಲು ನೋಡುತ್ತಾರೆ. ಆ ಮೆಥಡ್ ಅನ್ನು ಬೇರೆ ಕ್ಲಾಸ್‌ಗೆ ಸರಿಸುತ್ತಾರೆ, ಕೆಲಸ ಮುಗಿಯುತ್ತದೆ.

ಡೆಕೊರೇಟರ್ ಕೂಡ ಹೀಗೇ ಇನ್ನೊಂದು ಆಬ್ಜೆಕ್ಟ್‌ನ ಮುಂದೆ ನಿಲ್ಲುತ್ತದೆ, ಅದೇ ಇಂಟರ್‌ಫೇಸ್ ತೋರಿಸುತ್ತದೆ. ಜಾವಾದಲ್ಲಿ ಫೈಲ್ ಇನ್‌ಪುಟ್ ಸ್ಟ್ರೀಮ್ ಮೇಲೆ ಬಫರ್ಡ್ ಇನ್‌ಪುಟ್ ಸ್ಟ್ರೀಮ್, ಅದರ ಮೇಲೆ ಜಿಜಿಪ್ ಇನ್‌ಪುಟ್ ಸ್ಟ್ರೀಮ್ ಹೊದಿಸುತ್ತೀರಲ್ಲ, ಅದು ಡೆಕೊರೇಟರ್. ಒಂದರ ಮೇಲೊಂದು ಸೇರಿಸುತ್ತಾ ಸಾಮರ್ಥ್ಯ ಹೆಚ್ಚಿಸುವುದು ಅದರ ಉದ್ದೇಶ. ಒಳಗಿನ ಆಬ್ಜೆಕ್ಟ್ ಹತ್ತಿರ ಯಾರು, ಯಾವಾಗ ಹೋಗಬಹುದು ಅಂತ ಕಾಯುವುದು ಪ್ರಾಕ್ಸಿಯ ಉದ್ದೇಶ.

ಗುಂಪುಗಳನ್ನು ಶಿಲಾಶಾಸನದ ಹಾಗೆ ನೋಡಬೇಕಿಲ್ಲ ಎಂಬುದನ್ನೂ ಹೇಳಬೇಕು. ಬರೆದವರೇ ಹಾಗೆ ನೋಡಿಲ್ಲ. ಪುಸ್ತಕಕ್ಕೆ 15 ವರ್ಷ ತುಂಬಿದಾಗ, 2009ರ ಒಂದು ಸಂದರ್ಶನದಲ್ಲಿ, ಒಂದು ಕ್ಲಾಸಿಗೆ ಒಂದೇ ಆಬ್ಜೆಕ್ಟ್ ಇರುವಂತೆ ನೋಡಿಕೊಳ್ಳುವ ಸಿಂಗಲ್‌ಟನ್ ಅನ್ನು ಕೈಬಿಡಬೇಕು ಎಂದು ಗಾಮಾ ಹೇಳಿದರು. ನನಗೂ ಹಾಗೇ ಅನಿಸುತ್ತದೆ. ಸಿಂಗಲ್‌ಟನ್ ಎಂದರೆ ಎಲ್ಲರೂ ಎಲ್ಲಿಂದ ಬೇಕಾದರೂ ಮುಟ್ಟಬಹುದಾದ ಗ್ಲೋಬಲ್ ವೇರಿಯಬಲ್‌ಗೆ ಇನ್ನೊಂದು ಹೆಸರು. ಒಂದು ಟೆಸ್ಟ್ ಬಿಟ್ಟುಹೋದ ಡೇಟಾ ಇನ್ನೊಂದು ಟೆಸ್ಟ್ ಅನ್ನು ಕೆಡಿಸುತ್ತದೆ. ಅವಲಂಬನೆ ಕನ್‌ಸ್ಟ್ರಕ್ಟರ್‌ನಲ್ಲಿ ಕಾಣುವುದಿಲ್ಲ, ಒಳಗೆಲ್ಲೋ ಅಡಗಿರುತ್ತದೆ. ಅದೇ ಸಂದರ್ಶನದಲ್ಲಿ ಹೊಸ ವಿಂಗಡಣೆಯೂ ಬಂತು. ಕೋರ್ ಅಂತ ಒಂದು ಗುಂಪು ಮಾಡಿ ಸ್ಟ್ರಾಟೆಜಿ, ಕಾಂಪೊಸಿಟ್‌ನಂಥವನ್ನು ಅದರಲ್ಲಿಟ್ಟರು. ಕ್ರಿಯೇಷನಲ್‌ಗೆ ಡಿಪೆಂಡೆನ್ಸಿ ಇಂಜೆಕ್ಷನ್ (ಕ್ಲಾಸ್‌ಗೆ ಬೇಕಾದ ಆಬ್ಜೆಕ್ಟ್ ಅನ್ನು ಹೊರಗಿನಿಂದ ಕೊಡುವುದು) ಸೇರಿಸಿದರು. ಸ್ಟ್ರಕ್ಚರಲ್, ಬಿಹೇವಿಯರಲ್ ಎಂಬ ಗುಂಪುಗಳು ಅದರಲ್ಲಿ ಇಲ್ಲವೇ ಇಲ್ಲ.

ಭಾಷೆ ಬೆಳೆದ ಹಾಗೆ ಕೆಲವು ಪ್ಯಾಟರ್ನ್‌ಗಳು ಭಾಷೆಯೊಳಗೇ ಕರಗಿಹೋಗುತ್ತವೆ. 1996ರಲ್ಲೇ ಪೀಟರ್ ನಾರ್ವಿಗ್, ಲಿಸ್ಪ್ ಮತ್ತು ಡೈಲನ್‌ನಂಥ ಭಾಷೆಗಳಲ್ಲಿ 23ರಲ್ಲಿ 16 ಪ್ಯಾಟರ್ನ್‌ಗಳು ಕಾಣಿಸುವುದೇ ಇಲ್ಲ ಅಥವಾ ತುಂಬಾ ಸರಳವಾಗುತ್ತವೆ ಎಂದು ತೋರಿಸಿದ್ದರು. ಜಾವಾದಲ್ಲೂ ಹಾಗೇ ಆಗಿದೆ. ಫಾರ್ ಲೂಪ್‌ನಲ್ಲಿ ಲಿಸ್ಟ್ ಓಡಿಸುವಾಗ ಇಟರೇಟರ್ ನೆನಪಾಗುತ್ತದಾ? 2014ರಲ್ಲಿ ಜಾವಾ 8 ಜೊತೆ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬಂದಮೇಲೆ ನಮ್ಮ ರಿಯಾಯಿತಿಗೆ ಮೂರು ಕ್ಲಾಸ್ ಬೇಕೇ ಬೇಕು ಅಂತಿಲ್ಲ, ಮೂರು ಸಾಲು ಸಾಕು. ಸ್ಟ್ರಾಟೆಜಿ ಅಲ್ಲೇ ಇದೆ, ಕೋಡ್ ಚಿಕ್ಕದಾಯಿತು ಅಷ್ಟೇ. ಅಬ್ಸರ್ವರ್‌ಗೆಂದು ಜಾವಾ ತನ್ನ ಲೈಬ್ರರಿಯಲ್ಲಿ ಇಟ್ಟಿದ್ದ ಕ್ಲಾಸ್ ಮತ್ತು ಇಂಟರ್‌ಫೇಸ್ 2017ರ ಜಾವಾ 9ರಲ್ಲಿ ಡೆಪ್ರಿಕೇಟ್ ಆದವು, ಅಂದರೆ ಇನ್ನು ಬಳಸಬೇಡಿ ಅಂತ ಗುರುತು ಬಿತ್ತು. ಪ್ಯಾಟರ್ನ್ ಮಾತ್ರ ಬಟನ್ ಒತ್ತಿದಾಗ ಓಡುವ ಪ್ರತಿ ಲಿಸನರ್‌ನಲ್ಲೂ ಇದೆ.

ಇನ್ನು ಈ 23ರ ಹೊರಗೂ ಗುಂಪುಗಳಿವೆ. 1996ರಲ್ಲಿ ಫ್ರಾಂಕ್ ಬುಶ್‌ಮನ್ ಮತ್ತು ಜೊತೆಗಾರರು ಗಾತ್ರದ ಲೆಕ್ಕದಲ್ಲಿ ವಿಂಗಡಿಸಿದರು: ಇಡೀ ಸಿಸ್ಟಂಗೆ ಆರ್ಕಿಟೆಕ್ಚರಲ್ ಪ್ಯಾಟರ್ನ್, ಅದರೊಳಗಿನ ಭಾಗಗಳಿಗೆ ಡಿಸೈನ್ ಪ್ಯಾಟರ್ನ್, ಒಂದೊಂದು ಭಾಷೆಗೆ ಸೀಮಿತವಾದ ಈಡಿಯಮ್. ಥ್ರೆಡ್‌ಗಳ ಕಡೆಗೆ ಕನ್‌ಕರೆನ್ಸಿ ಪ್ಯಾಟರ್ನ್‌ಗಳು ಬೇರೆ ಬಂದವು. ಇಂಟರ್‌ವ್ಯೂನಲ್ಲಿ ಎಂವಿಸಿ (ಮಾಡೆಲ್, ವ್ಯೂ, ಕಂಟ್ರೋಲರ್) ಯಾವ ಗುಂಪು ಅಂತ ಕೇಳಿದರೆ ಮೂರರಲ್ಲಿ ಒಂದನ್ನು ಹೇಳಲು ಹೋಗಬೇಡಿ. ಅದು 23ರಲ್ಲಿ ಇಲ್ಲ, ಆರ್ಕಿಟೆಕ್ಚರಲ್ ಮಟ್ಟದ್ದು. ಅದರಲ್ಲಿ ಮುಖ್ಯವಾಗಿ ಅಬ್ಸರ್ವರ್, ಕಾಂಪೊಸಿಟ್, ಸ್ಟ್ರಾಟೆಜಿ ಮೂರೂ ಕೂಡಿ ಕೆಲಸ ಮಾಡುತ್ತವೆ ಅಂತ ಆ ನಾಲ್ವರ ಪುಸ್ತಕವೇ ಹೇಳುತ್ತದೆ.

ಓದುವ ಕ್ರಮದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೂರು ಗುಂಪುಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದಬೇಡಿ. ಹೊಸಬರು ಎಂಟರಿಂದ ಶುರು ಮಾಡಲಿ ಅಂತ ಪುಸ್ತಕದವರೇ ಹೇಳಿದ್ದಾರೆ: ಅಬ್‌ಸ್ಟ್ರಾಕ್ಟ್ ಫ್ಯಾಕ್ಟರಿ, ಅಡಾಪ್ಟರ್, ಕಾಂಪೊಸಿಟ್, ಡೆಕೊರೇಟರ್, ಫ್ಯಾಕ್ಟರಿ ಮೆಥಡ್, ಅಬ್ಸರ್ವರ್, ಸ್ಟ್ರಾಟೆಜಿ, ಟೆಂಪ್ಲೇಟ್ ಮೆಥಡ್. ಮೂರೂ ಗುಂಪಿನವು ಇದರಲ್ಲಿವೆ. ಸ್ಪ್ರಿಂಗ್‌ನಲ್ಲಿ ಕೆಲಸ ಮಾಡುವವರು ಪ್ರಾಕ್ಸಿಯನ್ನು ಒಂಬತ್ತನೆಯದಾಗಿ ಸೇರಿಸಿಕೊಳ್ಳಿ. ಪ್ರತಿಯೊಂದಕ್ಕೂ ಚಿತ್ರದ ಬದಲು ಒಂದೇ ಒಂದು ಸಾಲು ಬರೆದಿಟ್ಟುಕೊಳ್ಳಿ: ಇದರಲ್ಲಿ ಏನು ಬದಲಾಗಬಹುದು? ಪುಸ್ತಕದ ಮೊದಲ ಅಧ್ಯಾಯದಲ್ಲಿ ಇದಕ್ಕೆಂದೇ ಒಂದು ಟೇಬಲ್ ಇದೆ, ನಿಮ್ಮ ಸಾಲನ್ನು ಅದರ ಜೊತೆ ಹೋಲಿಸಿ ನೋಡಬಹುದು. ವಿಸಿಟರ್, ಇಂಟರ್‌ಪ್ರಿಟರ್, ಫ್ಲೈವೇಟ್ ಮೂರನ್ನು ಬೇಕಾದಾಗ ನೋಡಿದರಾಯಿತು. ಸುಮ್ನೆ ಬಾಯಿಪಾಠ ಮಾಡಿದರೆ ಅವು ಬೇಗ ಮರೆತುಹೋಗುತ್ತವೆ. ಇವತ್ತೇ ಶುರು ಮಾಡುವುದಾದರೆ ನಿಮ್ಮ ಪ್ರಾಜೆಕ್ಟ್‌ನಲ್ಲಿ ಅತಿ ಉದ್ದದ ಇಫ್ ಎಲ್ಸ್ ಇರುವ ಮೆಥಡ್ ತೆಗೆದು ನೋಡಿ. ಅಲ್ಲಿ ಬೇರೆಯಾಗುತ್ತಿರುವುದು ಲೆಕ್ಕವೋ, ಆ ವಸ್ತುವಿನ ಸ್ಥಿತಿಯೋ, ಅಥವಾ ಯಾವ ಕ್ಲಾಸನ್ನು ಹುಟ್ಟಿಸಬೇಕು ಎಂಬುದೋ ಅಂತ ಗುರುತು ಹಾಕಿ. ಮೊದಲನೆಯದಾದರೆ ಸ್ಟ್ರಾಟೆಜಿ, ಎರಡನೆಯದಾದರೆ ಸ್ಟೇಟ್, ಮೂರನೆಯದಾದರೆ ಫ್ಯಾಕ್ಟರಿ ಮೆಥಡ್ ಅಧ್ಯಾಯವನ್ನು ಆ ಕೋಡ್ ಪಕ್ಕದಲ್ಲಿಟ್ಟುಕೊಂಡು ಓದಿ.